ಸಾಕುವ ಎಲೆ

ಬಿಳಿ ಸಸಿಯನ್ನು ಕೀಳುವಾಗ ಬೆರಳಿಗೆ ಏನೂ ತಿಳಿಯುವುದಿಲ್ಲ. ಹಸಿರು ಸಸಿಯಾದರೆ ಟ್ರೇಯ ಗುಳಿಯೊಳಗಿನ ತೆಂಗಿನ ನಾರಿನ ಪುಡಿಯನ್ನು ಬೇರಿನಿಂದ ಅವಚಿಕೊಂಡಿರುತ್ತದೆ, ಎಳೆದರೆ ಸ್ವಲ್ಪ ತಡೆದು, ಒಲ್ಲೆನೆಂದು, ಆಮೇಲೆ ಬರುತ್ತದೆ. ಬಿಳಿಯದಕ್ಕೆ ಆ ಹಟವಿಲ್ಲ. ಹಿಡಿದರೆ ಸಾಕು, ಕರೆದವರ ಹಿಂದೆ ಹೊರಟ ಕೂಸಿನ ಹಾಗೆ ಕೈಗೆ ಬಂದುಬಿಡುತ್ತದೆ. ಇಷ್ಟು ದಿನ ಕಿತ್ತು ಬುಟ್ಟಿಗೆ ಒಗೆಯುತ್ತ ಬಂದಿದ್ದ ತಿರಕಪ್ಪನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಇವತ್ತು ಮುಂಜಾನೆ ಮಾತ್ರ ಅದು ಹೆಬ್ಬೆರಳಿನ ತುದಿಯಲ್ಲಿ ಕೂತು ಏಳಲೊಲ್ಲದು. ತಲೆಯ ಮೇಲೆ ಕಟ್ಟಿದ ಹಸಿರು ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಅದರ ಕೆಳಗೆ ಉದ್ದಕ್ಕೆ ಮೆಣಸಿನಕಾಯಿ ಸಸಿಯ ಟ್ರೇಗಳು, ಅವುಗಳ ನಡುನಡುವೆ, ಯಾರೋ ಉಣ್ಣುತ್ತ ಅಗಳು ಚೆಲ್ಲಿಕೊಂಡು ಹೋದ ಹಾಗೆ, ಬಿಳಿಯವು. ಕಾಂಡ ಬಿಳಿ, ಎಲೆ ಬಿಳಿ, ಹಸಿರಿನ ಒಂದು ಗೆರೆಯೂ ಇಲ್ಲ. ಬೀಜದೊಳಗಿನ ಬುತ್ತಿ ತೀರುವ ತನಕ ಉಳಿದವುಗಳ ಸಮಕ್ಕೆ ನಿಂತಿರುತ್ತವೆ, ಆಮೇಲೆ ಒಂದು ಮಧ್ಯಾಹ್ನ ತಲೆ ಬಾಗಿಸಿ ನೀರಾಗಿಬಿಡುತ್ತವೆ. ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಅವಕ್ಕೆ ಬರುವುದಿಲ್ಲ ಎಂದು ನರ್ಸರಿಯ ಮಾಲೀಕರಾದ ಏಕನಾಥ ಮಾಸ್ತರರು ಹೇಳಿದ್ದರು. ಗಿರಾಕಿಗಳು ಬರುವುದರೊಳಗೆ ಅವನ್ನು ಆರಿಸಿ ತೆಗೆಯಬೇಕು, ಇಲ್ಲವಾದರೆ ಶಲವಡಿಯಿಂದ ಮೊರಬದಿಂದ ಟ್ರ್ಯಾಕ್ಟರ್ ಮಾಡಿಕೊಂಡು ಬಂದವರು ಬೀಜವೇ ಸರಿಯಿಲ್ಲ ಎಂದು ಟ್ರೇ ಮುಟ್ಟದೆ ಹೋಗುತ್ತಾರೆ ಎಂಬುದೂ ಅವರದೇ ಮಾತು.

ಬೀಜ ಸರಿಯೇ ಇತ್ತು. ಅಗದಿ ಸರಿಯಿರಲಿ ಎಂದು ಹಟ ಹಿಡಿದದ್ದರಿಂದಲೇ ಹೀಗಾಗಿದ್ದು. ಕೆಲವು ಹಂಗಾಮಿನ ಹಿಂದೆ ಮಾಸ್ತರರ ಎರಿ ಹೊಲದಲ್ಲಿ ಒಂದು ಬ್ಯಾಡಗಿ ಮೆಣಸಿನ ಗಿಡ, ಸುತ್ತಲಿನವೆಲ್ಲ ಎಲೆ ಮುದುಡಿಕೊಂಡು ನಿಂತಿದ್ದಾಗ, ಸೊಂಟದ ಮಟ ಬೆಳೆದು ಗೇಣುದ್ದದ ಸುಕ್ಕುಗಾಯಿ ಬಿಟ್ಟಿತ್ತು. ಆ ಒಂದೇ ಗಿಡದ ಬೀಜ ಹಿಡಿದರು. ಮರುವರ್ಷ ಅದರ ಮಕ್ಕಳನ್ನು ಸೊಳ್ಳೆಪರದೆಯೊಳಗೆ ಬೆಳೆಸಿದರು, ಹೊರಗಿನ ದುಂಬಿ ಬಂದು ಬೇರೆ ಗಿಡದ ಪರಾಗ ಬೆರೆಸಬಾರದೆಂದು. ಮನೆಯದು ಮನೆಯೊಳಗೇ ಉಳಿಯಬೇಕು ಎಂದು ಮಾಸ್ತರರು ಹೇಳಿದಾಗ ತಿರಕಪ್ಪ ಹೂಂರಿ ಅಂದಿದ್ದ. ಅವನ ಲಗ್ನದ ಮಾತು ಬಂದಾಗ ಅಕ್ಕ ರೇಣುಕವ್ವನೂ ಇದೇ ಮಾತು ಹೇಳಿದ್ದಳು, ಆಗಲೂ ಹೂಂ ಅಂದಿದ್ದ. ಅಕ್ಕನ ಗಂಡ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ಮಂಜುಳಾ. ಸೋದರಮಾವ ಕಣ್ಣೆದುರಿಗೆ ಇರುವಾಗ ಹೊರಗೆ ಕೊಟ್ಟು ಯಾರ ಮನೆಯ ಬಾಗಿಲು ಕಾಯಲಿ ಎಂದು ಅಕ್ಕ ಕೇಳಿದಾಗ ಓಣಿಯವರೆಲ್ಲ ಅದು ನ್ಯಾಯವೇ ಎಂದರು. ಲಗ್ನದಲ್ಲಿ ಅಕ್ಕಿ ಕಾಳು ಬಿದ್ದ ದಿನ ಮಂಜುಳಾ ತಲೆ ಬಗ್ಗಿಸಿಕೊಂಡು ನಕ್ಕಿದ್ದು, ಇಷ್ಟು ವರ್ಷ ಮಾಮಾ ಅಂದವನನ್ನು ಇನ್ನು ಏನನ್ನಬೇಕು ಎಂದು ಗೆಳತಿಯರು ಕಾಡಿದ್ದು, ಅವಳು ಮಾಮಾ ಅಂತಲೇ ಅಂತೀನಿ ಎಂದದ್ದು ಅವನಿಗೆ ಈಗಲೂ ಇವತ್ತಿನದೆಂಬಂತೆ ಕೇಳುತ್ತದೆ.

ಇವತ್ತು ಮುಂಜಾನೆ ರೊಟ್ಟಿ ಬಡಿಯುತ್ತ ಮುಖ ತಿರುಗಿಸದೆ ಕೇಳಿದ್ದೂ ಹಾಗೇ ಮಾಮಾ ಎಂದೇ. ಬಸುರಿನ ಹೊಟ್ಟೆ ಇನ್ನೂ ಕಾಣುವಂತಿರಲಿಲ್ಲ. ಒಲೆಯ ಮುಂದೆ ಕೂರುವಾಗ ಒಂದು ಕೈ ನೆಲಕ್ಕೆ ಊರುವುದರಲ್ಲಿ ಮಾತ್ರ ಗೊತ್ತಾಗುತ್ತಿತ್ತು. ನಾಳೆ ಸೋಮವಾರ ಹುಬ್ಬಳ್ಳಿಯ ದವಾಖಾನೆಗೆ ಬರಹೇಳಿದ್ದರು. ಹೊಟ್ಟೆಯೊಳಗಿನ ಕೂಸೂ ಮೊದಲ ಮಗಳು ಮಹಾಲಕ್ಷ್ಮಿಯ ಹಾಗೆಯೋ ಅಲ್ಲವೋ ಎಂದು ಈಗಲೇ ಸೂಜಿ ಹಾಕಿ ನೋಡಲು ಬರುತ್ತದೆ, ತಡ ಮಾಡಿದರೆ ಕಷ್ಟ ಎಂದು ಡಾಕ್ಟರಬಾಯಿ ಒತ್ತಿ ಹೇಳಿದ್ದರು. ಮಂಜುಳಾ ರೊಟ್ಟಿಯನ್ನು ಹಂಚಿನ ಮೇಲೆ ಬಿಟ್ಟು ನೀರು ಸವರಿದಳು. "ಹಂಗನ ಐತಿ ಅಂತ ಬಂತಂದ್ರ ತಗಸ್ರಿ ಅಂತಾರ ಮಾಮಾ. ತಗಸ್ಕೊಂಡ ಬಂದು ನಾ ಅಕಿ ಮಾರಿ ಹೆಂಗ ನೋಡ್ಲಿ? ನೀ ಒಂದ ಮಾತ ಹೇಳು. ಹೋಗೂಣು ಅಂದ್ರ ಬರ್ತೀನಿ. ಬ್ಯಾಡ ಅಂದ್ರ ಬಿಡ್ತೀನಿ. ನನ್ನ ಒಬ್ಬಾಕಿ ತಲಿ ಮ್ಯಾಲ ಹಾಕಬ್ಯಾಡ." ಅವನು ಟ್ರೇಗಳಿಗೆ ನೀರು ಹೊಡೆಯಬೇಕು, ಹೊತ್ತಾತು ಎಂದ. ಸಂಜಿಕೆ ಹೇಳು ಮತ್ತ, ಎಂದಳು ಮಂಜುಳಾ. ರವಿವಾರ ಸಾಲೆಗೆ ರಜೆಯಾದ್ದರಿಂದ ಮಹಾಲಕ್ಷ್ಮಿ ತಾನೂ ಬರುತ್ತೇನೆಂದು ಚಪ್ಪಲಿ ಹುಡುಕುತ್ತಿದ್ದಳು. ಬಾಗಿಲ ಹೊರಗೆ ಕಾಲಿಟ್ಟಾಗ ಅವನಿಗೆ ಆದದ್ದು ದುಃಖವಲ್ಲ, ತಪ್ಪಿಸಿಕೊಂಡ ಸಮಾಧಾನ. ಅದು ಈಗ, ಈ ಬಿಳಿ ಸಸಿ ಹಿಡಿದ ಬೆರಳಿನಲ್ಲಿ, ನಾಚಿಕೆಯಾಗಿ ಹೊರಳಿತು.

ಮಹಾಲಕ್ಷ್ಮಿ ನೀರಿನ ಟಾಕಿಯ ನೆರಳಿನಲ್ಲಿ ಕೂತು ಅವನು ಕಿತ್ತ ಸಸಿಗಳನ್ನು ಸೂಡು ಕಟ್ಟಿ ಸಂತೆ ಹೂಡಿದ್ದಳು. ರಕ್ತ ಏರಿಸುವ ದಿನ ಹತ್ತಿರ ಬಂದಿತ್ತು. ಆ ದಿನಗಳಲ್ಲಿ ಅವಳು ಓಡುವ ಆಟ ಬಿಟ್ಟು ಕೂತು ಆಡುವ ಆಟ ಹುಡುಕಿಕೊಳ್ಳುತ್ತಿದ್ದಳು, ಯಾರೂ ಹೇಳಿಕೊಡದೆ. ಅವಳ ಮೈಯಲ್ಲಿ ರಕ್ತ ಹುಟ್ಟುತ್ತದೆ, ಉಳಿಯುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ತುಟಿ ಉಗುರು ಎಲ್ಲ ಹಿಟ್ಟಾಗುತ್ತವೆ, ಆಗ ಯಾರದೋ ರಕ್ತ ಹನಿಹನಿಯಾಗಿ ಇಳಿದು ಅವಳನ್ನು ಮತ್ತೆ ಎಬ್ಬಿಸುತ್ತದೆ. ಅರ್ಧ ಕೆಡುಕು ನಿನ್ನಲ್ಲಿದೆ, ಅರ್ಧ ನಿನ್ನ ಹೆಂಡತಿಯಲ್ಲಿದೆ, ನಿಮ್ಮಿಬ್ಬರಿಗೂ ಅದರಿಂದ ಏನೂ ಆಗುವುದಿಲ್ಲ, ಎರಡೂ ಕೂಡಿದರೆ ಇಂಥ ಕೂಸು, ನಾಲ್ಕರಲ್ಲಿ ಒಂದು ಎಂದು ಡಾಕ್ಟರಬಾಯಿ ಬೆರಳು ಮಡಿಸಿ ತೋರಿಸಿದಾಗ ಅವನು ತಲೆ ಅಲ್ಲಾಡಿಸಿದ್ದ. ತಿಳಿದದ್ದು ಇಲ್ಲಿ, ಟ್ರೇಯ ಮುಂದೆ. ಹಸಿರು, ಹಸಿರು, ಹಸಿರು, ಬಿಳಿ. ಲೆಕ್ಕ ಎಲ್ಲ ಕಡೆ ಹಾಗೆಯೇ ಬೀಳುವುದಿಲ್ಲ. ಒಂದು ಸಾಲಿನಲ್ಲಿ ಒಂದೂ ಇರುವುದಿಲ್ಲ, ಇನ್ನೊಂದರಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ತಾಯಿ ಗಿಡಗಳು ಮಾತ್ರ ಸೊಳ್ಳೆಪರದೆಯೊಳಗೆ ಕಡುಹಸಿರಾಗಿ, ಏನೂ ಅರಿಯದವರಂತೆ ಹೂ ಬಿಟ್ಟುಕೊಂಡಿದ್ದವು.

ಮಹಾಲಕ್ಷ್ಮಿ ಎಳೆಗೂಸಾಗಿದ್ದಾಗ ಓಣಿಯ ಹೆಂಗಸರು ಎತ್ತಿಕೊಂಡು ಎಷ್ಟ ಬೆಳ್ಳಗದಾಳವ್ವ ಎಂದು ಗಲ್ಲ ಹಿಂಡುತ್ತಿದ್ದರು. ತಿರಕಪ್ಪನೂ ಮಂಜುಳಾನೂ ಕಪ್ಪು; ಎರಿ ಮಣ್ಣಿನವರಿಗೆ ಬೆಳದಿಂಗಳು ಹುಟ್ಟಿತು ಎಂದು ಯಾರೋ ಅಂದರು. ಅವನು ಆ ಮಾತನ್ನು ನರ್ಸರಿಯ ತನಕ ಹೊತ್ತುಕೊಂಡು ಬಂದು ಮಾಸ್ತರರಿಗೂ ಹೇಳಿದ್ದ. ದಿನದಿನಕ್ಕೆ ಕೂಸು ಬಿಳುಪಾದಂತೆಲ್ಲ ಗಂಡ ಹೆಂಡತಿಯ ಹಿಗ್ಗು ಏರುತ್ತಲೇ ಹೋಯಿತು. ದೃಷ್ಟಿಯಾದೀತೆಂದು ಹಣೆಗೆ ಕಾಡಿಗೆ, ಕಾಲಿಗೆ ಕರಿ ದಾರ. ಜೀವ ಇಳಿಯುತ್ತಿದ್ದುದನ್ನು ಚೆಲುವಿಕೆಯೆಂದು ನೋಡಿಕೊಂಡು ಕೂತಿದ್ದ ಆ ತಿಂಗಳುಗಳನ್ನು ನೆನೆದರೆ ಅವನಿಗೆ ಬೇರೆ ಯಾವ ತಪ್ಪಿಗೂ ಆಗದ ಸಂಕಟ ಆಗುತ್ತದೆ. ಅಕ್ಕ ರೇಣುಕವ್ವ ಮಾತ್ರ ಒಂದು ದಿನವೂ ಬೆಳ್ಳಗದಾಳ ಎನ್ನಲಿಲ್ಲ. ಅವಳು ಕೂಸಿನ ಮುಖಕ್ಕೆ ಬೊಟ್ಟಿನಷ್ಟಲ್ಲ, ಅಂಗೈಯಗಲ ಕಾಡಿಗೆ ಬಳಿದು, ಒರೆಸಬೇಡ ಎಂದು ಮಗಳನ್ನು ಬೈಯುತ್ತಿದ್ದಳು. ಅದೇಕೆಂದು ಆಗ ಯಾರೂ ಕೇಳಲಿಲ್ಲ.

ಗೇಟಿನ ಹತ್ತಿರ ಟೆಂಪೋ ನಿಂತಿತು. ಇಮಾಮಹುಸೇನ ಇಳಿದು, ಟ್ರೇ ತುಂಬುವ ಮೊದಲು ಟಾಕಿಯ ಕಡೆ ಹೋದ. ಹುಬ್ಬಳ್ಳಿಯಲ್ಲಿ ಎಷ್ಟೋ ಸಲ ಕೈ ಚಾಚಿ ಮಲಗಿ ಅವಳಿಗೆ ರಕ್ತ ಕೊಟ್ಟವನು ಅವನು.

"ಏನಬೇ ಮಹಾಲಕ್ಷ್ಮೀ, ನಿನ್ನ ಮೈಯಾಗ ಅರ್ಧಾ ನಾನೇ ಅದೀನಿ. ಇವತ್ತ ಬಿರಿಯಾನಿ ತಿನ್ನೂ ಮನಸ ಆಗೇತೇನ?"

"ಇಲ್ಲ ಕಾಕಾ," ಮಹಾಲಕ್ಷ್ಮಿ ಸೂಡು ಕಟ್ಟುವುದನ್ನು ಬಿಡದೆ ಹೇಳಿದಳು, "ಬೀಡಿ ಸೇದೂ ಮನಸ ಆಗೇತಿ."

ಇಮಾಮಹುಸೇನ ನಕ್ಕ ನಗೆ ಟಾಕಿಯೊಳಗೆಲ್ಲ ಗುಂಯ್ ಎಂದಿತು. ತಿರಕಪ್ಪನೂ ನಕ್ಕ. ನಗುತ್ತಲೇ, ಈ ಸಲ ಯಾರನ್ನು ಕೇಳುವುದು ಎಂದು ಮನಸ್ಸು ಓಣಿಯ ಮನೆಗಳನ್ನು ಒಂದೊಂದಾಗಿ ತಟ್ಟತೊಡಗಿತು. ಒಬ್ಬನನ್ನೇ ತಿಂಗಳು ತಿಂಗಳು ಕೇಳಲು ಬರುವುದಿಲ್ಲ. ಊರಿನಲ್ಲಿ, ಸಂಶಿಯ ಬಸ್‌ಸ್ಟ್ಯಾಂಡಿನಲ್ಲಿ, ಅವನನ್ನು ಕಂಡರೆ ಹುಡುಗರು ಮೊಬೈಲಿನೊಳಗೆ ಮುಖ ಹುಗಿಯುತ್ತಾರೆ. ಚಹಾದಂಗಡಿಯಲ್ಲಿ ಒಮ್ಮೆ ಯಾರೋ, ಅವನಿಗೆ ಕೇಳಿಸದು ಎಂದುಕೊಂಡು, ಹೆಸರಿಗೆ ತಕ್ಕಂಗ ಆತು ನೋಡು ಅಂದಿದ್ದರು.

ಹೆಸರು ಬೇಡಿ ತಂದದ್ದು. ಅಕ್ಕನ ನಂತರ, ಅವನಿಗಿಂತ ಮೊದಲು ಹುಟ್ಟಿದ ಕೂಸುಗಳು ಒಂದೂ ನಿಲ್ಲದೆ ಹೋದಾಗ ಅವ್ವ ಈ ಸಲದ್ದಾದರೂ ಉಳಿಯಲಿ ಎಂದು ಬಾಣಂತಿತನ ಮುಗಿದ ಕೂಡಲೆ ಸೆರಗೊಡ್ಡಿ ಐದು ಮನೆ ಬೇಡಿದಳು. ಬೇಡಿ ತಂದ ಜೋಳದ ಗಂಜಿ ಅವನ ಬಾಯಿಗೆ, ಬೇಡಿ ತಂದ ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಅಂಗಿ ಅವನ ಮೈಗೆ. ತಿರಿದುಂಡವನನ್ನು ಸಾವು ತಿರುಗಿ ನೋಡುವುದಿಲ್ಲವೆಂದು ತಿರಕಪ್ಪ ಎಂದು ಕರೆದರು. ಆ ಅಂಗಿಯನ್ನು ಹೊಲಿದವಳು ಅಕ್ಕ. ಆಗ ಅವಳಿನ್ನೂ ಲಂಗದ ಹುಡುಗಿ. ಈ ಕಥೆಯನ್ನು ಅವನು ಚಿಕ್ಕಂದಿನಿಂದ ಕೇಳಿದ್ದು ಗೆದ್ದವನ ಕಥೆಯಾಗಿ. ಸೋತವರ ಕಡೆಯಿಂದ ಅದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಅವು ಹೇಗೆ ಹೋದವು ಎಂದು ಕೇಳಬೇಕೆಂದು ಅವನಿಗೆ ತೋಚಿದ್ದು ಹುಬ್ಬಳ್ಳಿಯ ದವಾಖಾನೆಯ ಬೆಂಚಿನ ಮೇಲೆ, ಅಷ್ಟು ವರ್ಷಗಳಾದ ಮೇಲೆ.

ಟೆಂಪೋ ಹೋದ ಮೇಲೆ ಅವನು ಟಾಕಿಯ ಹಿಂದಕ್ಕೆ ಹೋದ. ಅಲ್ಲಿ, ಟಾಕಿಗೂ ಕಂಪೌಂಡಿಗೂ ನಡುವೆ, ಮುರಿದ ಟ್ರೇಗಳ ಮರೆಯಲ್ಲಿ ಒಂದು ಕುಂಡ. ಕುಂಡದಲ್ಲಿ ಒಂದು ಬಿಳಿ ಮೆಣಸಿನ ಗಿಡ, ಗೇಣಿಗೆ ಸ್ವಲ್ಪ ಕಡಿಮೆ. ಎಲೆಗಳು ಹಾಲಿನ ಕೆನೆಯ ಹಾಗೆ ತೆಳ್ಳಗೆ, ಬೆಳಕಿಗೆ ಹಿಡಿದರೆ ಒಳಗಿನ ನರ ಕಾಣುವಂತೆ. ಹಸಿರು ಸಸಿಯ ತಲೆ ಕೊಯ್ದು, ಕಾಂಡ ಸೀಳಿ, ಬಿಳಿ ಸಸಿಯ ಬುಡವನ್ನು ಬೆಣೆಯಾಗಿ ಕೆತ್ತಿ ಅದರೊಳಗೆ ಕೂರಿಸಿ ಸಣ್ಣ ಕ್ಲಿಪ್ಪು ಹಾಕಿದ್ದ. ಕಸಿ ಕಟ್ಟುವುದು ಅವನ ಕೆಲಸವೇ. ಬದನೆ, ಟೊಮ್ಯಾಟೊ ದಿನವೆಲ್ಲ ಕಟ್ಟುತ್ತಾನೆ. ಆದರೂ ಮೊದಮೊದಲು ಕಟ್ಟಿದ ಬಿಳಿಯವು ಎಲ್ಲವೂ ಸತ್ತವು. ಗಾಯ ಕೂಡಿರುತ್ತಿತ್ತು, ಕ್ಲಿಪ್ಪು ಬಿಚ್ಚುವ ಹೊತ್ತಿಗೆ ಗಟ್ಟಿಯಾಗಿ ನಿಂತಿರುತ್ತಿದ್ದವು, ಆಮೇಲೆ ಬುಡವೂ ತಲೆಯೂ ಕೂಡಿಯೇ ಒಣಗುತ್ತಿದ್ದವು. ತಪ್ಪು ಬ್ಲೇಡಿನದಲ್ಲ, ಕೈರೂಢಿಯದು. ಕಸಿ ಕಟ್ಟಿದವನ ಹೆಬ್ಬೆರಳು ಬುಡದ ಗಿಡದಲ್ಲಿ ಒಡೆದ ಚಿಗುರನ್ನು ಕಂಡಲ್ಲೇ ಚಿವುಟುತ್ತದೆ, ಮೇಲಿನ ಕೊಂಬೆಯ ಪಾಲು ಅದು ತಿನ್ನಬಾರದೆಂದು. ಯೋಚಿಸುವ ಕೆಲಸವೇ ಅಲ್ಲ ಅದು. ಹಾಗೆ ಚಿವುಟಿ ಚಿವುಟಿ ಅವನೇ ಅವುಗಳ ಅನ್ನ ಕಸಿದುಕೊಂಡಿದ್ದ. ಮೇಲಿನದಕ್ಕೆ ದುಡಿಯಲು ಬರುವುದಿಲ್ಲ, ಕೆಳಗಿನದಕ್ಕೆ ದುಡಿಯುವ ಕೈಯನ್ನೇ ಇವನು ಉಳಿಸಲಿಲ್ಲ. ಇದೊಂದರಲ್ಲಿ ಮಾತ್ರ ಬುಡದ ಎರಡು ಹಸಿರೆಲೆ ಬಿಟ್ಟ. ಬಿಟ್ಟದ್ದಕ್ಕೆ ಉಳಿಯಿತು. ಆ ಎಲೆಗಳ ಕಂಕುಳಿಂದ ಹೊಸ ಚಿಗುರು ಹೊರಟರೆ ತೆಗೆಯಬೇಕು, ಇಲ್ಲವಾದರೆ ಹಸಿರು ತಾನೇ ಗಿಡವಾಗಿ ಬಿಳಿಯದನ್ನು ಕೈಬಿಡುತ್ತದೆ. ಎಲೆಗಳನ್ನು ಮಾತ್ರ ಮುಟ್ಟಬಾರದು. ಮನಸ್ಸಿನಲ್ಲಿ ಅವನು ಅವಕ್ಕೆ ಸಾಕೂ ಎಲಿ ಎಂದು ಹೆಸರಿಟ್ಟಿದ್ದ. ಯಾಕೆ ಸಾಕುತ್ತಿದ್ದೇನೆ ಎಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಇದು ಕಾಯಿ ಬಿಡಲಿಕ್ಕಿಲ್ಲ, ಬಿಟ್ಟರೂ ಅದರ ಬೀಜ ಮತ್ತೆ ಬಿಳಿ. ಮುಂಜಾನೆ ಬಂದು ನೋಡಿದಾಗ ನಿಂತಿದ್ದರೆ ಆ ದಿನಕ್ಕೆ ಅಷ್ಟು ಸಾಕು ಎನ್ನಿಸುತ್ತಿತ್ತು. ಇವತ್ತು ಎರಡನೆಯ ಸುತ್ತಿನ ಎಲೆಗಳ ನಡುವೆ ಒಂದು ಮೊಗ್ಗು ಕಾಣಿಸಿತು. ಸಾಸಿವೆ ಕಾಳಿನಷ್ಟು, ಅದೂ ಬಿಳಿಯೇ.

ಮಧ್ಯಾಹ್ನ ರೇಣುಕವ್ವ ಬುತ್ತಿ ತಂದಳು. ಪರದೆಯ ಅಂಚಿನಲ್ಲಿ ಕೂತು ಮೊಮ್ಮಗಳಿಗೆ ರೊಟ್ಟಿ ಮುರಿದು ಝುಣಕ ಹಚ್ಚಿಕೊಟ್ಟಳು. ರಕ್ತ ಏರಿಸುವುದರಿಂದ ಮೈಯಲ್ಲಿ ಕೂಡುವ ಕಬ್ಬಿಣ ಇಳಿಯಲೆಂದು ದಿನಾ ಕೊಡುವ ಗುಳಿಗೆಯನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಮಹಾಲಕ್ಷ್ಮಿಯ ಮುಖ ಈಗ ಬಿಳಿಯೂ ಅಲ್ಲ. ಬೂದಿ ಮುಚ್ಚಿದಂಥ ಒಂದು ಬಣ್ಣ ಬಂದಿತ್ತು. ಹುಡುಗಿ ತನ್ನ ಸಂತೆಗೆ ವಾಪಸಾದ ಮೇಲೆ ರೇಣುಕವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಮಂಜುಳಾ ಮುಂಜಾನೆಯಿಂದ ಉಂಡಿಲ್ಲ ಎಂದಳು. ಆಮೇಲೆ ಬಹಳ ಹೊತ್ತು ಟ್ರೇಗಳನ್ನು ನೋಡುತ್ತ ಕೂತಳು. ಈ ಬಿಳೇವು ಯಾಕೆ ಬರುತ್ತವೆ ಎಂದು ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

"ಹೋಗಬ್ಯಾಡ್ರಿ ನಾಳೆ," ಎಂದಳು ಕೊನೆಗೆ.

ಅವನು ನೀರು ಕುಡಿದ.

"ನಮ್ಮವ್ವನ ಕೂಸುಗಳನ್ನ ಈ ಬಗಲಾಗ ಹೊತ್ತಾಕಿ ನಾನು. ಆಕಿ ಹೊಲಕ್ಕ ಹೋಗಾಕಿ, ನಾ ಹೊತ್ಕೊಂಡ ತಿರಗಾಕಿ. ಹಿಂಗ ಬೆಳ್ಳಗಾಗತಿದ್ದು. ಹೊಟ್ಟಿ ಉಬ್ಬತಿತ್ತು. ಹಗೂರ ಆಗತಿದ್ದು, ದಿನಾ ಹೊತ್ತಾಕಿಗೆ ಗೊತ್ತಾಕ್ಕೈತಿ. ಮಹಾಲಕ್ಷ್ಮೀನ ನೋಡಿದ ಕೂಡಲೆ ನನ್ನ ಬಗಲಿಗಿ ಗೊತ್ತಾತು." ಅವಳು ಡಬ್ಬಿಯ ಮುಚ್ಚಳ ಹಾಕಿದಳು. ದನಿ ಏರಿರಲಿಲ್ಲ, ಇಳಿದಿರಲಿಲ್ಲ. "ಆವಾಗೂ ಯಾರರೆ ಒಬ್ಬರು ಅವ್ವಗ ಪರೀಕ್ಷಾ ಗಿರೀಕ್ಷಾ ಅಂತ ಹೇಳಿ ಸಾಕ ಮಾಡು ಅಂದಿದ್ರ, ನೀ ಎಲ್ಲಿರತಿದ್ದಿ ತಿರಕ್ಯಾ?"

ಗೊತ್ತಿದ್ದೂ ಮಗಳನ್ನು ಕೊಟ್ಟೆಯಲ್ಲ ಅಕ್ಕಾ ಎಂಬ ಮಾತು ಅವನ ನಾಲಿಗೆಯ ಮೇಲೆ ಬಂದು ಕೂತಿತು. ಆದರೆ ಏನು ಗೊತ್ತಿತ್ತು ಅವಳಿಗೆ? ಕೂಸುಗಳು ಹೋದದ್ದು ಗೊತ್ತಿತ್ತು, ಐದು ಮನೆ ಬೇಡಿದ್ದಕ್ಕೆ ಇವನು ಉಳಿದದ್ದು ಗೊತ್ತಿತ್ತು. ಬೇಡಿದ್ದರಿಂದ ಮುಗಿದುಹೋಯಿತು ಎಂದು ನಂಬಿದ್ದಳು. ಅವಳು ಹೊಲಿದ ಅಂಗಿಯೊಳಗೇ ಆ ಅರ್ಧ ಕೆಡುಕು ಇವನ ಜೊತೆ ಬೆಳೆಯುತ್ತಿದೆ, ಅವಳ ಹೊಟ್ಟೆಯಿಂದ ಅವಳ ಮಗಳೊಳಗೂ ಹೋಗಿದೆ ಎಂದು ಯಾರು ಹೇಳಬೇಕಿತ್ತು? ಅವನು ಅಕ್ಕನ ಕೈಗಳನ್ನು ನೋಡಿದ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳ ತುದಿ. ತಾನು ಇರುತ್ತಿರಲಿಲ್ಲ, ನಿಜ. ಇರದಿದ್ದರೆ ಇವತ್ತು ಯಾರಿಗೆ ಏನು ಕಡಿಮೆಯಾಗುತ್ತಿತ್ತು ಎಂದು ಯೋಚಿಸಲು ಹೋದರೆ ಮನಸ್ಸು ಮಹಾಲಕ್ಷ್ಮಿಯ ಹತ್ತಿರ ಬಂದು ನಿಂತುಬಿಡುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ಬೀಡಿ ಸೇದೂ ಮನಸ ಆಗೇತಿ ಎಂದವಳು ಇರಬಾರದಿತ್ತು ಎನ್ನಲು ಅವನಿಗೆ ಬಾಯಿಲ್ಲ. ಹಾಗೆಂದು ರಕ್ತ ಏರಿಸಲು ನರ ಸಿಗದೆ ಸೂಜಿ ಮತ್ತೆ ಮತ್ತೆ ಚುಚ್ಚುವಾಗ ಅವಳು ಕೂಗುವುದನ್ನು ಬಿಟ್ಟು ಗೋಡೆಯ ಕಡೆ ನೋಡುತ್ತ ಮಲಗುವುದನ್ನು ಕಂಡವನಿಗೆ, ಇನ್ನೊಂದು ಕೂಸೂ ಹಾಗೆ ಗೋಡೆ ನೋಡಲಿ ಎನ್ನಲೂ ಬಾಯಿಲ್ಲ. ರೇಣುಕವ್ವ ಡಬ್ಬಿ ಕಟ್ಟಿಕೊಂಡು ಎದ್ದಳು. ಸಂಜಿಕೆ ಲಗೂನ ಬಾ, ಎಂದು ಹೋದಳು.

ಸಂಜೆಯಾಗುತ್ತ ಬಂದಾಗ ಏಕನಾಥ ಮಾಸ್ತರರು ಹೆಂಡತಿ ಲೀಲಾಬಾಯಿಯನ್ನು ಕರೆದುಕೊಂಡು ಬಂದರು. ರವಿವಾರ ಸಂಜೆ ಇಬ್ಬರೂ ನರ್ಸರಿಯಲ್ಲಿ ಒಂದು ಸುತ್ತು ಹಾಕುತ್ತಿದ್ದರು. ಮಾಸ್ತರರು ಮುಂದೆ, ಪ್ರತಿ ಗಿಡಕ್ಕೂ ಪಾಠ ಹೇಳುತ್ತ, ಲೀಲಾಬಾಯಿ ಹಿಂದೆ, ಸೀರೆಯ ನಿರಿಗೆ ಎತ್ತಿಕೊಂಡು. ಕರಿಬೇವಿನ ಎಳೆ ಸೊಪ್ಪು ಹರಿಯಲೆಂದು ಲೀಲಾಬಾಯಿ ಟಾಕಿಯ ಹಿಂದೆ ಹೋದವಳು ಅಲ್ಲಿಂದಲೇ ಗಂಡನನ್ನು ಕರೆದಳು. ತಿರಕಪ್ಪ ಪೈಪು ಕೈಯಲ್ಲಿ ಹಿಡಿದೇ ಹಿಂದಿನಿಂದ ನಡೆದ. ಕಳ್ಳತನದಲ್ಲಿ ಸಿಕ್ಕವನ ಹಾಗೆ, ನೀರು ಬಂದ್ ಮಾಡುವುದನ್ನೂ ಮರೆತಿದ್ದ. ಟಾಕಿಯ ಬದಿಯಲ್ಲಿ ಮಹಾಲಕ್ಷ್ಮಿ ಗೋಣಿಚೀಲದ ಮೇಲೆ ಮಗ್ಗುಲಾಗಿ ಮಲಗಿದ್ದಳು, ಕಣ್ಣು ಮುಚ್ಚಿತ್ತು.

ಮಾಸ್ತರರು ಕುಂಡವನ್ನು ಎತ್ತಿ ಬೆಳಕಿಗೆ ಹಿಡಿದರು. ಸಿಟ್ಟು ಬರಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಕಸಿಯ ಗಂಟನ್ನು ಉಗುರಿನಿಂದ ಸವರಿ, ಇದು ಬದುಕೋದು ಹೆಂಗೋ ಎಂದು ಕೇಳಿದರು. ತಿರಕಪ್ಪ ಹೇಳಿದ: ಬುಡದಾಗ ಎರಡು ಹಸರ ಎಲಿ ಬಿಟ್ಟೀನ್ರಿ, ಅವು ದುಡದು ಮ್ಯಾಲಿನದಕ್ಕ ಹಾಕ್ತಾವ್ರಿ, ಅವನ್ನ ಮಾತ್ರ ಕೀಳಬಾರದ್ರಿ. ಮಾಸ್ತರರು ಅಗದಿ ಖುಷಿಯಾದರು. ಹೆಂಡತಿಗೆ ತೋರಿಸಿದರು. ಹುಬ್ಬಳ್ಳಿಯ ಮಗಳ ಮನೆಯಲ್ಲಿ ಕಿಟಕಿಗೆ ಇಂಥದ್ದೊಂದು ಇಟ್ಟರೆ ಬಂದವರೆಲ್ಲ ನಿಂತು ನೋಡುತ್ತಾರೆ ಎಂದಳು ಲೀಲಾಬಾಯಿ. ಮೆಣಸಿನ ಸಸಿ ಯಾರು ಬೇಕಾದರೂ ಬೆಳೆಸುತ್ತಾರೆ, ಇದು ಬೇರೆಯವರ ಹತ್ತಿರ ಸಿಗುವುದಿಲ್ಲ, ಮುಂದಿನ ಹಂಗಾಮಿಗೆ ಇಂಥವೇ ಒಂದು ಮಡಿ ತುಂಬ ಮಾಡೋಣ ಎಂದು ಮಾಸ್ತರರ ಮಾತು ಓಡತೊಡಗಿತು.

"ಬಿಳೇ ಸಸಿಗೇನು ಕೊರತಿ? ಆ ತಾಯಿ ಗಿಡಾನ ಪರದೆ ಒಳಗ ಇಡು, ಹೊರಗಿಂದೇನೂ ಬೆರೀಲಾರದಂಗ ನೋಡ್ಕೋ, ನಾಲ್ಕರಾಗ ಒಂದು ಬಂದ ಬರ್ತದ. ಇಷ್ಟ ದಿನ ಬಿಳೇವು ಕಿತ್ತ ಒಗದಿ. ಇನ್ನ ಆ ಸಾಲಿನಾಗ ಹಸರೂ ಕಿತ್ತ ಒಗಿ, ಬಿಳೇವಷ್ಟ ಇಟ್ಕೋ."

ತಿರಕಪ್ಪನ ಬಾಯಿ ಹೂಂರಿ ಎನ್ನಲು ತೆರೆದಿತ್ತು. ಅಷ್ಟು ವರ್ಷಗಳ ರೂಢಿ ಅದಕ್ಕೂ ಇತ್ತು, ಹೆಬ್ಬೆರಳಿಗೆ ಇದ್ದ ಹಾಗೆ.

"ಆಗೂದಿಲ್ರಿ ಸರ."

ಮಾಸ್ತರರು ತಿರುಗಿ ನೋಡಿದರು. ಕಷ್ಟದ ಕೆಲಸ ಹೌದು, ಕೂಲಿ ಬೇರೆ ಕೊಡುತ್ತೇನೆ ಎಂದರು.

"ಕೂಲಿ ಅಲ್ರಿ." ಪೈಪಿನಿಂದ ನೀರು ಅವನ ಕಾಲ ಮೇಲೆ ಸುರಿಯುತ್ತಿತ್ತು. "ಇಂಥವು ಹುಟ್ಟಿದ್ರ ಸಾಕಬೇಕ್ರಿ. ಹುಟ್ಟಲಿ ಅಂತ ಕೈಯಾರೆ ಹುಟ್ಟಸಬಾರದ್ರಿ."

ಮಾತು ಹೊರಬಿದ್ದ ಮೇಲೆ ಅದನ್ನು ಅವನೂ ಎಲ್ಲರ ಜೊತೆ ಕೇಳಿಸಿಕೊಂಡ. ಮುಂಜಾನೆಯಿಂದ ಹುಡುಕಿದ್ದು ಇದೇ ಮಾತು. ಬಂದದ್ದು ಮಂಜುಳಾಳ ಮುಂದೆ ಅಲ್ಲ, ಇಲ್ಲಿ, ಒಂದು ಕುಂಡದ ಮುಂದೆ. ನಾಳೆ ಹೋಗಬೇಕು. ತನ್ನೊಳಗೆ ಅದು ತೀರ್ಮಾನವಾಗಿ ಯಾವ ಕಾಲವಾಗಿತ್ತೋ. ಆದರೆ ತೀರ್ಮಾನವಾದವನಿಗೆ ಬರಬೇಕಾದ ಹಗುರ ಬರಲಿಲ್ಲ. ಇಂಥವು ಎಂದಿದ್ದ. ಆ ಪದ ಟಾಕಿಯ ಸಿಮೆಂಟಿಗೆ ತಗುಲಿ ಅಲ್ಲೇ ನಿಂತ ಹಾಗಿತ್ತು. ಅವನ ಕಣ್ಣು ಗೋಣಿಚೀಲದ ಕಡೆ ಹೋಯಿತು. ಮಹಾಲಕ್ಷ್ಮಿ ಹಾಗೇ ಮಲಗಿದ್ದಳು. ಕಣ್ಣು ಮುಚ್ಚಿಯೇ ಇತ್ತು, ಕೈಯಲ್ಲಿ ಬಾಡಿದ ಬಿಳಿ ಸೂಡು. ನಿದ್ದೆ ಹತ್ತಿದೆ ಎಂದುಕೊಂಡ. ದಣಿವಿನ ದಿನಗಳಲ್ಲಿ ಅವಳಿಗೆ ಕೂತಲ್ಲೇ ನಿದ್ದೆ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಮಾಸ್ತರರು ಅವನ ಕಣ್ಣು ಹೋದ ಕಡೆ ನೋಡಿದರು. ಅವರಿಗೂ ಹುಡುಗಿ ಕಂಡಳು. ಕುಂಡವನ್ನು ತೆಗೆದ ಜಾಗದಲ್ಲೇ, ಅದೇ ಗುರುತಿನ ಮೇಲೆ, ನಿಧಾನಕ್ಕೆ ಇಟ್ಟರು. "ಇರ್ಲಿ ಬಿಡೋ," ಎಂದರು, "ನಾನೂ ಏನೋ ಒಂದು ಅಂದೆ." ಲೀಲಾಬಾಯಿ ಹರಿದ ಕರಿಬೇವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತ ಬೇರೆ ಕಡೆ ನೋಡಿದಳು. ಇಬ್ಬರೂ ಗೇಟು ದಾಟಿ ಹೋಗುವ ತನಕ ತಿರಕಪ್ಪ ಪೈಪು ಬಂದ್ ಮಾಡಲಿಲ್ಲ.

ಮನೆಗೆ ಹೊರಡುವಾಗ ಮಹಾಲಕ್ಷ್ಮಿ ಎದ್ದು ಕೂತು, ಆ ಕುಂಡ ತನಗೆ ಬೇಕು ಎಂದಳು. ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ. ಎರಡು ಕೈಯಿಂದ ಎದೆಗೆ ಅವಚಿ ಹಿಡಿದುಕೊಂಡು ಅವಳು ನಡೆದಳು, ಅವನು ಅವಳ ನಡಿಗೆಗೆ ನಡೆದ. ಸಂಶಿಯ ದಾರಿಯ ಎರಡೂ ಕಡೆ ಹರಗಿ ಬಿಟ್ಟ ಎರಿ ಹೊಲ, ಮೊದಲ ಮಳೆ ಕುಡಿದು ಕಪ್ಪಗೆ. ಮೋಡದ ಕೆಳಗಿನಿಂದ ಸಂಜೆಯ ಬಿಸಿಲು ಅಡ್ಡಲಾಗಿ ಬಂದು ಕೆನ್ನೆಗೆ ಹೊಡೆಯುತ್ತಿತ್ತು. ಏನಾದರೂ ಕೇಳುತ್ತಾಳೆ ಎಂದು ಅವನು ಕಾದ. ಕೇಳಿದರೆ ಏನು ಹೇಳುವುದೆಂದು ಒಂದು ಮಾತು ಜೋಡಿಸಿದ, ಕೆಡಿಸಿದ, ಇನ್ನೊಂದು ಜೋಡಿಸಿದ. ಅವಳು ಕೇಳಲಿಲ್ಲ. ಹಳ್ಳದ ಸೇತುವೆಯ ಹತ್ತಿರ ಒಮ್ಮೆ ನಿಂತು, ಅಪ್ಪಾ, ಇದಕ್ಕ ಬಿಸಲ ಬೀಳಾಕತ್ತೇತಿ ಎಂದಳು, ಅಷ್ಟೇ. ಬಿಳಿ ಎಲೆಗೆ ಬಿಸಿಲು ತಡೆಯುವುದಿಲ್ಲ, ಅಂಚು ಸುಡುತ್ತದೆ. ಅವನು ದಾರಿ ದಾಟಿ ಅವಳ ಪಡುವಣ ಮಗ್ಗುಲಿಗೆ ಬಂದ. ಅವನ ನೆರಳು ಉದ್ದವಾಗಿ ಅವಳ ಮೇಲೆ, ಕುಂಡದ ಮೇಲೆ, ಅದರಾಚೆ ಹೊಲದ ಸಾಲಿನ ಮೇಲೆ ಬಿತ್ತು. ಆ ನೆರಳು ತಪ್ಪದಂತೆ, ಹಿಂದೆ ಬೀಳದೆ, ಮುಂದೆ ಹೋಗದೆ, ಊರು ಬರುವ ತನಕ ನಡೆದ. ಕೇಳಿಸಿಲ್ಲ ಎಂದೇ ನಂಬುತ್ತ ನಡೆದ.

ಮಂಜುಳಾ ಬಾಗಿಲ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಇವರನ್ನು ಕಂಡು ಮೊರ ಕೆಳಗಿಟ್ಟಳು. ಒಳಗೆ ರೇಣುಕವ್ವ ದೀಪ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದ್ದು ಹೊರಗಿನಿಂದಲೇ ಗೊತ್ತಾಯಿತು.

"ನಾಳೆ ಹೋಗೂಣು," ಎಂದ ತಿರಕಪ್ಪ.

ಮಂಜುಳಾ ಅವನನ್ನು ನೋಡಿದಳು, ಆಮೇಲೆ ಮಗಳನ್ನು. ಹೂಂ ಎಂದಳೋ ಇಲ್ಲವೋ, ತುಟಿ ಮಾತ್ರ ಅಲುಗಿತು. ಮಹಾಲಕ್ಷ್ಮಿ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಕುಂಡವನ್ನು ಅವ್ವನ ಮುಂದೆ, ಮೊರದ ಬಾಜೂಕ, ಜೋಪಾನವಾಗಿ ಇಟ್ಟಳು.

"ಅವ್ವಾ, ಇದರ ಬುಡದಾಗ ಎರಡು ಹಸರ ಎಲಿ ಅದಾವು ನೋಡು. ಅವನ್ನ ಮಾತ್ರ ಕೀಳಬಾರದು."

ಎಲೆಯ ಮಾತನ್ನು ಅವನು ಅವಳಿಗೆ ಹೇಳಿರಲಿಲ್ಲ. ದಾರಿಯಲ್ಲಿ ಹೇಳಿರಲಿಲ್ಲ, ಹಿಂದೆ ಎಂದೂ ಹೇಳಿರಲಿಲ್ಲ. ಒಂದೇ ಒಂದು ಸಲ, ಟಾಕಿಯ ಹಿಂದೆ, ಮಾಸ್ತರರಿಗೆ ಹೇಳಿದ್ದ, ಆ ಇನ್ನೊಂದು ಮಾತಿಗಿಂತ ಸ್ವಲ್ಪ ಮೊದಲು. ಮಹಾಲಕ್ಷ್ಮಿ ಅಪ್ಪನ ಕಡೆ ನೋಡಲಿಲ್ಲ. ಅಂಗೈ ಅಡ್ಡ ಹಿಡಿದು, ಗಿಡದ ಮೇಲೆ ಇನ್ನೂ ಉಳಿದಿದ್ದ ಬಿಸಿಲಿನ ಒಂದು ಚೂರನ್ನು ಮರೆಮಾಡಿಕೊಂಡು ಕೂತಳು.